ನನ್ನ ತಮ್ಮನಿಗೆ ನೌಕರಿ ಬಿಡಲು ಅಪ್ಪಣೆ ಕೊಡಿರಿ

ಎಂ.ಬಿ.ಎ. ಪ್ರವೇಶದ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ತಮ್ಮ ಭರಮಪ್ಪನಿಗೆ ನೀವು ಸೀಟು ಕೊಡಲಿಲ್ಲ. ಅದು ನಿಮ್ಮ ಅಧಿಕಾರ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸೀಟಿನ ಬದಲು ಒಂದು ಮಾತು ಹೇಳಿ ಕಳಿಸಿದಿರಲ್ಲ, ಆ ಮಾತು ಎರಡು ವರ್ಷದಿಂದ ಅವನ ಜೀವ ಹಿಂಡುತ್ತಿದೆ. ಅದನ್ನು ನೀವು ಹಿಂದಕ್ಕೆ ತೆಗೆದುಕೊಳ್ಳಬೇಕು. ಅಂಚೆಯಲ್ಲಿ ಬರೆದು ನೋಡಿದೆ, ಉತ್ತರ ಬರಲಿಲ್ಲ. ಹೀಗಾಗಿ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯಬೇಕಾಯಿತು.

ನಿಮಗೆ ಅವನ ನೆನಪಿರಲಿಕ್ಕಿಲ್ಲ. ಸಂದರ್ಶನಕ್ಕೆ ನನ್ನ ಯಜಮಾನರ ಕೋಟು ತೊಟ್ಟು ಬಂದಿದ್ದ ಬಡಕಲು ಹುಡುಗ, ಅದರ ತೋಳುಗಳು ಬೆರಳಿನವರೆಗೆ ಇಳಿಬಿದ್ದಿದ್ದವು. ಅವನ ಬಿ.ಕಾಂ. ಅಂಕಗಳನ್ನು ನೀವು ಮೆಚ್ಚಿಕೊಂಡಿರಂತೆ. ಆಮೇಲೆ ಅರ್ಜಿಯ ಪುಟ ತಿರುವಿ, ನಾಲ್ಕು ಕಡೆ ನೌಕರಿ ಮಾಡಿ ಬಿಟ್ಟದ್ದನ್ನು ಕಂಡು, ಟೊಂಗೆಯಿಂದ ಟೊಂಗೆಗೆ ಹಾರುವ ಮಂಗನಿಗೆ ಯಾವ ಕಂಪನಿ ಕುರ್ಚಿ ಕೊಟ್ಟೀತು ಎಂದು ಕೇಳಿದಿರಂತೆ. ಸಮಿತಿಯವರೆಲ್ಲ ನಕ್ಕರಂತೆ. ಕೊನೆಗೆ, ಒಂದೇ ಕಡೆ ಮೂರು ವರ್ಷ ನಿಂತು ತೋರಿಸು, ಆಮೇಲೆ ಬಾ ಅಂದಿರಿ.

ಅವನು ನೌಕರಿ ಬಿಟ್ಟನೋ, ನೌಕರಿಗಳೇ ಅವನನ್ನು ಬಿಟ್ಟವೋ ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಬಾರದಿತ್ತೇ? ನಮ್ಮ ಗುಡಗೇರಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಸಾವಕಾರರ ಮಕ್ಕಳು ಬೇರೆಯಾಗಿ ಅಂಗಡಿಯೇ ಮುಚ್ಚಿತು. ಕುಂದಗೋಳದ ಹೈಸ್ಕೂಲಿನಲ್ಲಿ ರಜೆಯ ಮೇಲೆ ಹೋದ ಗುಮಾಸ್ತರ ಕುರ್ಚಿಯಲ್ಲಿ ಕೂತ. ಅವರು ಬಂದರು, ಇವನು ಎದ್ದ. ಎಣ್ಣೆ ಗಿರಣಿಯಲ್ಲಿ ಶೇಂಗಾ ಇರುವ ತನಕ ಕೆಲಸ, ಶೇಂಗಾ ತೀರಿದ ಮೇಲೆ ಗಿರಣಿಗೇ ಕೆಲಸವಿಲ್ಲ. ನವಲಗುಂದದ ಜಮಖಾನ ನೇಯುವ ಹೆಣ್ಣುಮಕ್ಕಳ ಸಂಘದಲ್ಲಿ ಮಾತ್ರ ಅವನ ಮನಸ್ಸು ನೆಟ್ಟಿತ್ತು. ನೇಯುವವರು ಇವರು, ಲಾಭ ಮಾತ್ರ ನಡುವಿನ ವ್ಯಾಪಾರಿಗೆ ಎಂಬುದನ್ನು ಕಂಡು, ಬಸ್ಸಿನ ಮೇಲೆ ಗಂಟು ಹೇರಿಸಿಕೊಂಡು ಹೋಗಿ ಹುಬ್ಬಳ್ಳಿಯ ಅಂಗಡಿಗಳಿಗೆ ತಾನೇ ಮಾರಿ ಬರುತ್ತಿದ್ದ. ಈ ವಿದ್ಯೆಯನ್ನು ಸರಿಯಾಗಿ ಕಲಿತು ಬರಬೇಕೆಂಬ ಆಸೆ ಹುಟ್ಟಿದ್ದೇ ಅಲ್ಲಿ. ಅಷ್ಟರಲ್ಲಿ ಸಂಘಕ್ಕೆ ಬರುವ ನೆರವು ನಿಂತಿತು, ಅದರೊಂದಿಗೆ ಅವನ ಸಂಬಳವೂ ನಿಂತಿತು. ಇದರಲ್ಲಿ ಮಂಗ ಎಲ್ಲಿ ಬಂತು ಸ್ವಾಮಿ?

ನಿಮ್ಮ ಸಂಸ್ಥೆಯ ಮಾಹಿತಿ ಪುಸ್ತಕವನ್ನು ನಾನೂ ಓದಿದ್ದೇನೆ. ನಿಮ್ಮ ಪ್ರಾಧ್ಯಾಪಕರೊಬ್ಬರು ಮುಂಬಯಿಯ ಕಂಪನಿ ಬಿಟ್ಟು ಪುಣೆಗೆ, ಪುಣೆ ಬಿಟ್ಟು ಮದ್ರಾಸಿಗೆ ಹೋಗಿ ಬಂದವರೆಂದು ಅದರಲ್ಲಿ ಅಭಿಮಾನದಿಂದ ಅಚ್ಚು ಹಾಕಿಸಿದ್ದೀರಿ. ಅದರ ಹೆಸರು ವಿಶಾಲ ಅನುಭವ. ಗುಡಗೇರಿಯವನು ಕುಂದಗೋಳಕ್ಕೆ ಹೋದರೆ ಅದರ ಹೆಸರು ಚಂಚಲತೆ. ಆಡಳಿತಶಾಸ್ತ್ರದಲ್ಲಿ ಇದಕ್ಕೇನಾದರೂ ಸೂತ್ರವಿದ್ದರೆ ತಿಳಿಸಿರಿ, ನಾನು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವವಳು, ಅವರಿಗೂ ಹೇಳಿಕೊಡುತ್ತೇನೆ.

ನೀವು ಆಡಿ ಮರೆತಿರಿ. ದೊಡ್ಡವರ ಬಾಯಿಂದ ಬಂದದ್ದು ಅಪ್ಪಣೆ ಎಂದು ನಂಬುವ ಮನೆ ನಮ್ಮದು, ಅವನು ಮರೆಯಲಿಲ್ಲ. ಮರುವಾರವೇ ಅಣ್ಣಿಗೇರಿ ಕಡೆಯ, ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಕಾರಕೂನನಾಗಿ ಸೇರಿದ. ಅವನು ಕೂಡುವ ಜಾಗ ಯಂತ್ರಗಳ ಬಾಜುಕ್ಕೇ ಇದೆ. ಹತ್ತಿ ಬರುವ ದಿನಗಳಲ್ಲಿ ಅರಳೆಯ ಧೂಳು ಕಿವಿ, ಮೂಗು, ಊಟದ ಡಬ್ಬಿ ಯಾವುದನ್ನೂ ಬಿಡುವುದಿಲ್ಲ. ಮೊದಲ ವರ್ಷ ಕೆಮ್ಮು ಹತ್ತಿತು, ಎರಡನೆಯ ವರ್ಷ ಉಬ್ಬಸ. ಈಗ ರಜೆಗೆಂದು ಊರಿಗೆ ಬಂದರೆ ಸ್ಟೇಷನ್ನಿನಿಂದ ಮನೆ ಮುಟ್ಟುವುದರೊಳಗೆ ಎರಡು ಕಡೆ ಕೂತು ಏಳುತ್ತಾನೆ. ಹುಬ್ಬಳ್ಳಿಯ ಡಾಕ್ಟರರು ಔಷಧ ಬರೆಯುವ ಮೊದಲೇ, ಆ ಜಾಗ ಬಿಡು ಅಂದರು.

ದೀಪಾವಳಿಯಲ್ಲಿ ಅವನು ಮನೆಯಲ್ಲಿದ್ದಾಗ ಜಮಖಾನ ಸಂಘದ ಜಮೀಲಾಬಿಯವರು ನಮ್ಮನ್ನು ಹುಡುಕಿಕೊಂಡು ಬಂದಿದ್ದರು. ಸಂಘ ಮತ್ತೆ ತೆರೆದಿದೆ, ಭರಮಪ್ಪನೇ ಬಂದು ನಡೆಸಬೇಕು ಎಂದು ಕೇಳಿದರು. ಅವನ ಮುಖ ಅರಳಿದ್ದನ್ನು ನಾನು ಕಂಡೆ. ಕಂಡ ಮೇಲೆ, ಅವನು ಒಲ್ಲೆ ಅಂದದ್ದನ್ನೂ ಕೇಳಿದೆ. ನಮ್ಮ ಅಪ್ಪ ಕುರಿ ಕಾಯ್ದುಕೊಂಡು ಊರೂರು ತಿರುಗಿದವರು. ಜಮೀಲಾಬಿ ಹೋದ ಮೇಲೆ ಅವ್ವ ಮಗನ ಕೈ ಹಿಡಿದುಕೊಂಡು ಕೂತಳು.

"ಮೇವು ತೀರಿದ ಹೊಲದಾಗ ನಿಮ್ಮಪ್ಪ ಒಂದಿನಾನೂ ಕುರಿ ನಿಲ್ಲಿಸ್ಲಿಲ್ಲೋ. ಅಂವಗ ನೀ ನೆಲಿ ಇಲ್ಲದಾಂವ ಅಂತೀಯೇನು?"

ಅವನು ಎದೆ ಒತ್ತಿಕೊಂಡು ಉಸಿರನ್ನು ಹತೋಟಿಗೆ ತಂದುಕೊಂಡ. ಆಮೇಲೆ ಅಂದ: "ಯವ್ವಾ, ಈಗ ಬಿಟ್ರ ಅವ್ರು ನಕ್ಕಿದ್ದು ಖರೇ ಆಗ್ತದ. ಇನ್ನೊಂದ ವರ್ಷ ಅಷ್ಟ."

ಆ ಇನ್ನೊಂದು ವರ್ಷವನ್ನು ಅವನ ಎದೆ ತಾಳುವುದಿಲ್ಲ. ನನಗೆ ಹೆದರಿಕೆಯಾಗಿದೆ, ಅದನ್ನು ಬರೆಯಲು ನಾಚಿಕೆಯಿಲ್ಲ. ಸ್ಥಿರತೆಯ ಪರೀಕ್ಷೆಯಲ್ಲಿ ಅವನು ಪಾಸಾಗಿ, ಪ್ರವೇಶಪತ್ರ ತೆಗೆದುಕೊಳ್ಳಲು ಅವನೇ ಇಲ್ಲದಿದ್ದರೆ, ಆ ಸೀಟನ್ನು ನೀವು ಯಾರಿಗೆ ಕೊಡುತ್ತೀರಿ?

ಮಾನ್ಯರೇ, ನಮಗೆ ಸೀಟು ಬೇಡ. ನಿಮ್ಮ ಕ್ಷಮೆಯೂ ಬೇಡ. ಅವನಿಗೊಂದು ಕಾರ್ಡು ಬರೆಯಿರಿ. ಆ ನೌಕರಿ ಬಿಡು, ಬಿಟ್ಟರೆ ನಿನ್ನನ್ನು ನಾವು ಹಗುರಾಗಿ ಕಾಣುವುದಿಲ್ಲ ಎಂದಷ್ಟೇ ಬರೆಯಿರಿ. ಹೆತ್ತವಳ ಮಾತು, ಡಾಕ್ಟರರ ಮಾತು, ನನ್ನ ಮಾತು ಯಾವುದೂ ನಡೆಯಲಿಲ್ಲ. ಅವನು ಕೇಳುವುದು ನಿಮ್ಮ ಮಾತೊಂದನ್ನೇ. ಕಾರ್ಡಿಗೆ ಪುರುಸೊತ್ತಿಲ್ಲದಿದ್ದರೆ ಇದೇ ಪತ್ರಿಕೆಯಲ್ಲಿ ಉತ್ತರಿಸಿರಿ, ಜಿನ್ನಿಗೂ ಇದು ಬರುತ್ತದೆ. ಸಂಕ್ರಮಣ ಕಳೆದರೆ ಹತ್ತಿಯ ಗಾಡಿಗಳು ಬರತೊಡಗುತ್ತವೆ. ಅದರೊಳಗೆ ಬರೆಯಿರಿ.

ಇಂತಿ,
ತಮ್ಮನಿಗೆ ಅಕ್ಷರ ತಿದ್ದಿಸಿಯೂ ಒಂದು ಮಾತು ಕೇಳಿಸಲಾಗದ ಅಕ್ಕ,
ಸಾವಕ್ಕ, ಪ್ರಾಥಮಿಕ ಶಾಲಾ ಶಿಕ್ಷಕಿ
ಗುಡಗೇರಿ, ಡಿಸೆಂಬರ್ ೧೯೮೬