ನಿಂತದ್ದು ಯಾವ ಭಾಗ

ಹೊನ್ನವಳ್ಳಿ
೧೪-೧೧-೧೯೮೮

ಏಕಾಂತಯ್ಯನವರಿಗೆ ಸರ್ವಮಂಗಳಳ ನಮಸ್ಕಾರ. ಯಾವಾಗಿನಂತೆ ಬರೀ 'ರೀ' ಎಂದು ಶುರುಮಾಡಲು ಈ ಸಲ ಕೈ ಏಳಲಿಲ್ಲ.

ನಿಮ್ಮ ಕಾಗದ ಬಂತು. ಕೊಬ್ಬರಿ ಹರಾಜಿಗೆಂದು ನಾವಿಬ್ಬರೂ ಕಾಲೇಜಿನಲ್ಲಿ ಕಟ್ಟಿದ ಕಂಪ್ಯೂಟರ್ ವ್ಯವಸ್ಥೆಯನ್ನು ಮಂಡಿಯವರು ಇನ್ನೊಂದು ಸಲ ನೋಡುತ್ತಾರಂತೆ. ತಕ್ಕಡಿಯ ಪ್ರೋಗ್ರಾಮನ್ನು ಮೊದಲಿನಂತೆ ಕರ್ನೆಲ್ಲಿನೊಳಗೇ ಇಡೋಣ, ಒಪ್ಪಿಗೆ ಬರೆದು ಕಳಿಸು, ಬಿಳಿಗೆರೆಯ ಮನೆಗೂ ವಾಪಸ್ಸು ಬಂದುಬಿಡು ಅಂದಿದ್ದೀರಿ. ಎರಡನ್ನೂ ಒಂದೇ ಉಸಿರಿಗೆ ಕೇಳಿದ್ದೀರಲ್ಲ, ನಿಮ್ಮ ಧೈರ್ಯ ಮೆಚ್ಚಬೇಕು.

ತವರಿಗೆ ಬಂದಾಗಿನಿಂದ, ಗಂಡ ಹೆಂಡತಿ ಜಗಳ ಯಾತಕ್ಕೆ ಎಂದು ಅವ್ವ ದಿನಾ ಪೀಡಿಸುತ್ತಿದ್ದಳು. ಕೊನೆಗೆ ಬಿಡಿಸಿ ಹೇಳಿದೆ. ಕಂಪ್ಯೂಟರಿನೊಳಗೆ ಯಜಮಾನಿಕೆ ಮಾಡುವುದು ಕರ್ನೆಲ್. ತಕ್ಕಡಿ, ಪ್ರಿಂಟರು, ಡಿಸ್ಕು ಎಲ್ಲದರ ಪ್ರೋಗ್ರಾಮನ್ನೂ ಅದರೊಳಗೇ ಸೇರಿಸುತ್ತ ಹೋದರೆ ಕೆಲಸ ಬೇಗ ಆಗುತ್ತದೆ, ಒಂದು ಕೆಟ್ಟರೆ ಎಲ್ಲವೂ ನಿಲ್ಲುತ್ತದೆ. ಅದು ನಿಮ್ಮ ದಾರಿ. ಕರ್ನೆಲ್ಲನ್ನು ಚಿಕ್ಕದಾಗಿಟ್ಟು ಉಳಿದದ್ದನ್ನು ಬೇರೆ ಬೇರೆ ಕೂರಿಸಿದರೆ, ಒಂದರಿಂದ ಇನ್ನೊಂದಕ್ಕೆ ಸುದ್ದಿ ಹೋಗಿ ಬರುವುದು ನಿಧಾನ. ಆದರೆ ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ, ಮಿಕ್ಕದ್ದು ಉಳಿಯುತ್ತದೆ. ಇದು ನನ್ನದು. ಎಲ್ಲ ಕೇಳಿದ ಅವ್ವ, "ಅವ್ರು ಹೇಳಿದ್ದೇ ಸರಿ ಕಣೇ, ಕಾಯ್ಕೊಂಡ್ ಕೂರಾಕೆ ಯಾರ್ಗೈತೆ ಪುರುಸೊತ್ತು" ಎಂದಳು! ಇಲ್ಲಿಯೂ ನಿಮ್ಮ ಪಕ್ಷವೇ.

ನಿಮ್ಮ ದಾರಿಯಲ್ಲಿ ಹೋಗಿ ಏನಾಯಿತೆಂದು ಅವಳಿಗೆ ಹೇಳಲಿಲ್ಲ. ಹರಾಜಿನ ನಡುವೆ ಯಂತ್ರ ನಿಂತಿತು. ವರ್ತಕರು ಗುಟ್ಟಾಗಿ ಕೊಟ್ಟಿದ್ದ ದರಗಳೆಲ್ಲ ಅಳಿಸಿಹೋದವು. ಆ ಕೂಗಾಟದಲ್ಲಿ ಒಬ್ಬರ ದರ ಒಬ್ಬರಿಗೆ ತಿಳಿದು, ಮತ್ತೆ ಬರೆಯುವಾಗ ಎಲ್ಲರೂ ಇಳಿಸಿ ಬರೆದರು. ನಿಮ್ಮಣ್ಣ ವೀರಭದ್ರ ಭಾವನವರು ವರ್ಷವಿಡೀ ಅಟ್ಟದ ಮೇಲೆ ಒಣಗಿಸಿದ್ದ ಕೊಬ್ಬರಿ ಸಿಕ್ಕಿದ ದರಕ್ಕೆ ಹೋಯಿತು.

ಕೆಟ್ಟದ್ದು ತಕ್ಕಡಿಯ ಭಾಗ, ಅದನ್ನು ಬರೆದವರು ನೀವು. ಆದರೆ ಎಲ್ಲವೂ ಒಟ್ಟಿಗೆ ನಿಂತಿತಲ್ಲ, ಬೇರೆಯವರಿಗೆ ಹೇಗೆ ತಿಳಿಯಬೇಕು? ರಾತ್ರಿ ಊಟಕ್ಕೆ ಕೂತಾಗ ಭಾವನವರು "ಹೆಂಗ್ಸು ಕೈ ಹಾಕಿದ್ ಕೆಲ್ಸ ಇನ್ನೆಂಗಾದಾತು" ಎಂದರು. ಅತ್ತೆಯವರು ಹೂಂಗುಟ್ಟಿದರು. ಒಟ್ಟು ಮನೆಯಲ್ಲಿ ಏನೇ ಕೆಟ್ಟರೂ ಸೊಸೆಯ ತಲೆಗೆ ಬರುತ್ತದೆ, ಅದು ನನಗೇನೂ ಹೊಸದಲ್ಲ. ನೀವು ಬಾಯಿ ಬಿಡುತ್ತೀರೆಂದು ಸಾರಿನ ಸೌಟು ಹಿಡಿದುಕೊಂಡೇ ಕಾದೆ. ನೀವು ಮುದ್ದೆ ಮುರಿಯುತ್ತ ಕೂತಿರಿ. ನನಗೆ ತುಂಬ ನೋವಾಯಿತು, ಈಗಲೂ ಆಗುತ್ತಿದೆ.

ನಾನು ಒಪ್ಪುವುದಿಲ್ಲ. ನಿಧಾನವಾದರೂ ಬೇರೆ ಬೇರೆ ಕೂರಿಸಿದ್ದನ್ನೇ ಇಡಿ, ಇಲ್ಲವೇ ನನ್ನ ಹೆಸರು ತೆಗೆದುಬಿಡಿ. ಚಿಕ್ಕನಾಯಕನಹಳ್ಳಿಯಲ್ಲಿ ಪಾಠ ಹೇಳುವ ಕೆಲಸವೊಂದಿದೆ, ಬರುತ್ತೇನೆಂದು ತಿಳಿಸಿಯಾಗಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಊರವರ ಬಾಯಲ್ಲಿ ಇನ್ನೂ ನಿಮ್ಮ ಮನೆಯವಳಾದ
ಸರ್ವಮಂಗಳ

ತಾ.ಕ.: ನಿನ್ನೆ ಭಾನುವಾರ, ನೀವಿರುವುದಿಲ್ಲವೆಂದು ತಿಳಿದೇ ಕಾಲೇಜಿಗೆ ಬಂದಿದ್ದೆ. ಅಟೆಂಡರ್ ದುರ್ಗಯ್ಯ ಬಾಗಿಲು ತೆಗೆದ. ನಾನು ಹಿಂದೆಯೇ ನನ್ನ ದಾರಿಯಲ್ಲಿ ಕಟ್ಟಿಟ್ಟಿದ್ದನ್ನು ಓಡಿಸಿ, ತಕ್ಕಡಿಯ ಭಾಗವನ್ನು ಬೇಕೆಂದೇ ಕೆಡಿಸಿದೆ. ಉಳಿದದ್ದೆಲ್ಲ ನಡೆಯುತ್ತಲೇ ಇತ್ತು. ತಕ್ಕಡಿಯ ಭಾಗ ಮಾತ್ರ ನಿಂತಿದೆ ಎಂದು ಪರದೆಯ ಮೇಲೆ ಒಂದು ಸಾಲು ಬಂತು. ಅಲ್ಲೇ ಕೂತು ಅತ್ತುಬಿಟ್ಟೆ. ಆ ಒಂದು ಸಾಲನ್ನು ಅವತ್ತು ನೀವು ಹೇಳಿದ್ದರೆ ನಾನು ಹೊನ್ನವಳ್ಳಿ ಬಸ್ಸು ಹತ್ತುತ್ತಲೇ ಇರಲಿಲ್ಲ.