ಎರ್ರೆಮ್ಮನ ವಕಾಲತ್ತು

ಗಂಗಾಧರ್ ಸರ್,

ನಿಮಗೆ ಬರೆಯುವಾಗ 'ಮಾನ್ಯ ಸಂಸದರೇ' ಎನ್ನಬೇಕಂತೆ, ನಿಮ್ಮ ಪಿಎ ಮಾರೇಶ್ ಹೇಳಿದ. ನಿಮ್ಮ ಜೂನಿಯರ್ ಆಗಿ ಕೂಡ್ಲಿಗಿ ಕೋರ್ಟಿನಲ್ಲಿ ವರ್ಷಗಟ್ಟಲೆ ಫೈಲು ಹೊತ್ತವಳು ನಾನು. ಬಾಯಿಗೆ 'ಸರ್' ಬಿಟ್ಟು ಬೇರೇನೂ ಬರುವುದಿಲ್ಲ. ಫೋನ್ ಮಾಡಿದಾಗಲೆಲ್ಲ ಅವನು 'ಸಾಹೇಬ್ರು ಮೀಟಿಂಗ್‌ನಾಗ ಅದಾರ್ರಿ ಮೇಡಂ' ಎನ್ನುತ್ತಾನೆ. ಅದಕ್ಕೇ ಈ ಪತ್ರ.

ಗುಡೇಕೋಟೆಯ ಎರ್ರೆಮ್ಮ ನೆನಪಿದ್ದಾಳೆಯೇ? ನೆನಪಿಲ್ಲದೆ ಏನು! ಚುನಾವಣೆಯಲ್ಲಿ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹೋದಲ್ಲೆಲ್ಲ ಅವಳ ಹೆಸರೇ. 'ಗಂಡ ಸತ್ತ ಮ್ಯಾಲೆ ಮೈದುನ ಆಕೀನ ಹೊಲದಾಗ ಕಾಲಿಡಾಕ ಬಿಡವಲ್ಲ, ಆಕಿ ಪರವಾಗಿ ನಿಂತಾವ ನಾನು' ಎಂದು ನೀವು ಎದೆ ತಟ್ಟಿದರೆ ಜನ ಚಪ್ಪಾಳೆ ಹೊಡೆಯುತ್ತಿದ್ದರು. ನಾನೂ ಹೊಡೆದೆ. ನೀವು ಗೆದ್ದಿರಿ. ಹೊಲದಲ್ಲಿ ಪಾಲು ಕೇಳಿ ಅವಳು ಹಾಕಿದ ದಾವೆ ಮಾತ್ರ ಇದ್ದಲ್ಲೇ ಇದೆ.

ನೀವು ಕೋರ್ಟಿಗೆ ಬರುವುದಿಲ್ಲ, ಸರಿ. ಕೇಸು ಬಿಟ್ಟಾದರೂ ಕೊಡಬೇಕಲ್ಲ? ವಕಾಲತ್ತು ನನ್ನ ಹೆಸರಿಗೆ ಬದಲಾಗಲು ನಿಮ್ಮ ಒಂದು ಸಹಿ ಸಾಕು. ಕಾಗದ ಕಳಿಸಿದರೆ, 'ಆ ಕೇಸು ನಾನಽ ನಡಸ್ತೀನಿ, ಯಾರಿಗೂ ಕೊಡಂಗಿಲ್ಲ' ಎಂದು ಮಾರೇಶನ ಕೈಲಿ ಹೇಳಿಸಿದಿರಿ. ಯಾವಾಗ ಸರ್? ಮುಂದಿನ ಚುನಾವಣೆಗೋ?

ನಿಮ್ಮ ಸಹಿ ಇಲ್ಲದೆಯೂ ಕೋರ್ಟಿನ ಅನುಮತಿ ಕೇಳಬಹುದು. ಆದರೆ ಅವಳೇ ಒಪ್ಪುತ್ತಿಲ್ಲ. ನ್ಯಾಯ ತಡವಾಗುತ್ತಿದೆ ಎಂದು ಲೋಕಸಭೆಯಲ್ಲಿ ಅವಳ ಹೆಸರು ಹೇಳಿ ಮಾತಾಡಿದಿರಲ್ಲ, ಆ ವಿಡಿಯೋವನ್ನು ಊರಲ್ಲಿ ಯಾರೋ ತೋರಿಸಿದ್ದಾರೆ. 'ಇನ್ನ ನೀವ್ಯಾಕ ತ್ರಾಸ ತಗೋತೀರಿ ಮೇಡಂ? ನನ್ನ ಕೇಸು ದಿಲ್ಲಿ ದೊಡ್ಡ ಕೋರ್ಟಿಗೆ ಹೋಗೈತ್ರಿ. ನಮ್ಮ ವಕೀಲ್ರು ಕೈ ಎತ್ತಿ ವಾದ ಮಾಡಿದ್ದು ನಾನಽ ನೋಡೀನಿ' ಎಂದಳು. ಅದು ಕೋರ್ಟಲ್ಲ ಎಂದು ಎಷ್ಟು ಹೇಳಿದರೂ ನಗುತ್ತಾಳೆ. ಮೊನ್ನೆ ಕೋರ್ಟಿನಲ್ಲಿ ಹೆಸರು ಕೂಗಿದಾಗ ಬರಲೇ ಇಲ್ಲ. ಬರುವ ಸೋಮವಾರವೂ ಯಾರೂ ಹಾಜರಾಗದಿದ್ದರೆ ದಾವೆ ವಜಾ ಮಾಡುತ್ತೇನೆ ಎಂದಿದ್ದಾರೆ ನ್ಯಾಯಾಧೀಶರು.

ನನ್ನ ಮಾತು ಅವಳು ಕೇಳುವುದಿಲ್ಲ, ನಿಮ್ಮದು ಕೇಳುತ್ತಾಳೆ. ಸಹಿ ಹಾಕಿ. ಆಮೇಲೆ ಅವಳಿಗೆ ಫೋನ್ ಮಾಡಿ, ಲೋಕಸಭೆಯಲ್ಲಿ ತೀರ್ಪು ಕೊಡುವವರು ಯಾರೂ ಇಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ಇದೊಂದು ಮಾತನ್ನು ಚಪ್ಪಾಳೆ ಇಲ್ಲದೆ ಆಡಿ ಸರ್.

ನೀವು ಕಲಿಸಿದ ಕೆಲಸದ ಮೇಲಿನ ಗೌರವಕ್ಕೆ ಇಷ್ಟು ಬರೆದೆ. ನಿಮಗೆ ಒಳ್ಳೆಯದಾಗಲಿ. ಎರ್ರೆಮ್ಮನೂ ದಿನಾ ದೇವರಲ್ಲಿ ಅದನ್ನೇ ಬೇಡುತ್ತಾಳೆ, ತೀರ್ಪು ಬರುವ ತನಕ ನಮ್ಮ ವಕೀಲರು ಚೆನ್ನಾಗಿರಲಿ ಎಂದು.

ನಾಗರತ್ನ,
ಇನ್ನೂ ನಿಮ್ಮ ಜೂನಿಯರ್, ಕೂಡ್ಲಿಗಿ