ತಂಗಿಗೆ ಸಿಕ್ಕ ಸೂಜಿ

ಹೃದಯಾಘಾತ ತಡೆಯುವ ಹೊಸ ಮದ್ದಿನ ಪರೀಕ್ಷೆಗೆ ಜನರನ್ನು ಆರಿಸುವ ಮಾನ್ಯ ಅಧಿಕಾರಿಗಳೇ,

ನೀವು ನನ್ನ ತಂಗಿಯನ್ನು ಸೇರಿಸಿಕೊಂಡಿರಿ, ನನ್ನನ್ನು ಕೈಬಿಟ್ಟಿರಿ. ಇದೇ ನನ್ನ ದೂರು. ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ. ನಾನು ಓದಿದ ಕವಿತೆಗಳಲ್ಲಿ ಅದು ಪ್ರೇಮಿಗಳಿಗೆ ಬರುತ್ತದೆ. ನಲವತ್ತೆಂಟರ ನನಗೆ ಒಂದು ಸೂಜಿಮದ್ದಿನ ಮೇಲೆ ಬಂದಿದೆ.

ರಕ್ತನಾಳ ಕಟ್ಟಿಕೊಳ್ಳುವುದಕ್ಕೆ ಕೊಬ್ಬಿನ ಜೊತೆಗೆ ಉರಿಯೂತವೂ ಕಾರಣ. ದೇಹದ ರೋಗನಿರೋಧಕ ಶಕ್ತಿಯೇ ನಾಳದ ಗೋಡೆಯೊಳಗೆ ಅದನ್ನು ಎಬ್ಬಿಸುತ್ತದೆ. ಆ ಶಕ್ತಿಯನ್ನು ಸೂಜಿಮದ್ದಿನಿಂದ ತುಸು ತಣ್ಣಗಿಟ್ಟರೆ ಹೃದಯಾಘಾತ ತಪ್ಪೀತೇ ಎಂದು ನೋಡುವುದೇ ಈ ಪರೀಕ್ಷೆ. ನಿಮ್ಮ ಯುವ ವೈದ್ಯರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೀಗೆ ಚೆನ್ನಾಗಿಯೇ ವಿವರಿಸಿದರು. ರಕ್ತ ತೆಗೆದರು. ಇಬ್ಬರಲ್ಲೂ ಉರಿಯೂತ ಹೆಚ್ಚಿತ್ತು, ನನ್ನಲ್ಲಿ ಇನ್ನಷ್ಟು. ಆಮೇಲೆ ವಿಳಾಸ ಕೇಳಿದರು. ತಂಗಿ ಭಾಗ್ಯಶ್ರೀ ಮದುವೆಯಾಗಿ ಹೋದದ್ದು ಕಲಬುರಗಿಗೆ, ನಿಮ್ಮ ಆಸ್ಪತ್ರೆಯ ಹಿಂದಿನ ಓಣಿಗೆ. ನಾನಿರುವುದು ಚಿಂಚೋಳಿ ಕಡೆಯ ಕೊಡ್ಲಿಯಲ್ಲಿ.

"ನಿಮ್ಮೂರು ಭಾಳ ದೂರ ಆಗ್ತದ ನೋಡ್ರಿ ಅಕ್ಕಾರ. ಈ ಸೂಜಿ ಮಾಡಿದ ಮ್ಯಾಲ ರೋಗ ತಡಿಯೋ ಶಕ್ತಿ ಕಮ್ಮಿ ಆಗಿ ಸೋಂಕು ಜೋರಾದ್ರ, ನಿಮ್ಮನ್ನ ಇಲ್ಲಿಗಿ ತರೂದ್ರಾಗ ತಡ ಆಗ್ತದ."

"ಹೃದಯ ನಿಂತ್ರ ತಡ ಆಗಂಗಿಲ್ಲೇನ್ರಿ?"

ಅವರು ನಕ್ಕರು. "ಅದು ನಮ್ಮ ಸ್ಟಡಿದಾಗ ಬರಂಗಿಲ್ರಿ."

ಬರುವುದಿಲ್ಲ, ನಿಜ. ನಮ್ಮಪ್ಪ ಮಡಿವಾಳಯ್ಯನವರೂ ಯಾವ ಸ್ಟಡಿಯಲ್ಲೂ ಬರಲಿಲ್ಲ. ಎದೆ ಹಿಡಿದುಕೊಂಡು ಕಲಬುರಗಿ ಆಸ್ಪತ್ರೆಗೆಂದು ಕೊಡ್ಲಿಯಲ್ಲಿ ಜೀಪು ಹತ್ತಿದವರು ಮಹಾಗಾಂವ ಕ್ರಾಸ್ ಬರುವುದರೊಳಗೆ ನನ್ನ ತೊಡೆಯ ಮೇಲೇ ಹೋದರು. ಆಸ್ಪತ್ರೆಯ ಹಿಂದೆಯೇ ಮನೆಯಿರುವವರಿಗೆ ಹೃದಯಾಘಾತವಾದರೆ ಉಳಿಸಲು ವೈದ್ಯರಿದ್ದಾರೆ. ಬಾರದಂತೆ ತಡೆಯುವ ಮದ್ದು ಹೆಚ್ಚು ಬೇಕಾದದ್ದು ಯಾರಿಗೆ? ದಾರಿಯಲ್ಲೇ ಸಾಯುವವರಿಗಲ್ಲವೇ? ನಮ್ಮನ್ನು ಕೈಬಿಡಲು ನೀವು ಕೊಟ್ಟ ಕಾರಣವೇ ನಮ್ಮನ್ನು ಸೇರಿಸಿಕೊಳ್ಳಲು ಇರುವ ಕಾರಣ. ಇದು ನಿಮ್ಮ ಮೇಜಿನ ಸುತ್ತ ಕುಳಿತ ಅಷ್ಟು ತಜ್ಞರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ತಂಗಿ ಪ್ರತಿ ಸೂಜಿಯಾದ ಮೇಲೂ ಫೋನು ಮಾಡುತ್ತಾಳೆ.

"ಅಕ್ಕಾ, ತೋಳು ಬಾತದ ನೋಡು."

"ಬಾತ್ರ ಏನಾತು ಬಿಡವಾ. ನಮಗ ಅದೂ ಇಲ್ಲ."

"ಅಯ್ಯ, ಹಂಗ್ಯಾಕ ಅಂತಿ? ಹೋಲಿಸಿ ನೋಡ್ಲಾಕ ಅರ್ಧ ಮಂದಿಗಿ ಬರೇ ಉಪ್ಪುನೀರು ಚುಚ್ತಾರಂತ. ನನ್ನ ಸೂಜಿ ಒಳಗ ಔಷಧ ಅದನೋ ಉಪ್ಪುನೀರು ಅದನೋ, ನನಗೂ ಗೊತ್ತಿಲ್ಲ."

ಮಾನ್ಯರೇ, ನನಗೆ ಆ ಉಪ್ಪುನೀರಿನ ಮೇಲೂ ಹೊಟ್ಟೆಕಿಚ್ಚು. ಏಕೆಂದರೆ ವಾರಕ್ಕೊಮ್ಮೆ ನಿಮ್ಮ ನರ್ಸಮ್ಮ ಅವಳಿಗೆ ಫೋನು ಮಾಡಿ, "ಜ್ವರ ಬಂದದೇನ್ರಿ? ಎದಿ ಭಾರ ಅನ್ನಸ್ತದೇನ್ರಿ?" ಎಂದು ಕೇಳುತ್ತಾರೆ. ಹುಟ್ಟಿದಾಗಿನಿಂದ ಅವಳಿಗೆ ಸಿಕ್ಕಿದ್ದರಲ್ಲಿ ನಾನು ಇಷ್ಟು ಆಸೆಪಟ್ಟದ್ದು ಬೇರೊಂದಿಲ್ಲ.

ಆ ಮದ್ದು ಫಲಿಸುತ್ತದೋ ಇಲ್ಲವೋ ನಿಮಗೇ ಇನ್ನೂ ಗೊತ್ತಿಲ್ಲ, ಫಲಿಸಿಯೇ ತೀರುತ್ತದೆಂದು ನಾನೂ ಹಟ ಹಿಡಿಯುವುದಿಲ್ಲ. ನನ್ನ ಬೇಡಿಕೆ ಇಷ್ಟೇ. ಸೇಡಂ, ಚಿತ್ತಾಪುರ, ಚಿಂಚೋಳಿಯ ತಾಲೂಕು ಆಸ್ಪತ್ರೆಗಳಲ್ಲಿ ಸೋಂಕು ನೋಡಿಕೊಳ್ಳಲು ಒಬ್ಬೊಬ್ಬ ವೈದ್ಯರನ್ನು ಕೂರಿಸಿ, ದೂರ ಎಂಬ ಕಾರಣವನ್ನು ಅಳಿಸಿ, ನಮ್ಮನ್ನೂ ಪರೀಕ್ಷೆಗೆ ತೆಗೆದುಕೊಳ್ಳಿ. ಅಲ್ಲಿಯವರೆಗೆ ಆ ನರ್ಸಮ್ಮನಿಗೆ ನನ್ನ ನಂಬರನ್ನಾದರೂ ಕೊಡಿ. ಮದ್ದಿಲ್ಲದವಳ ಎದೆ ಹೇಗಿದೆಯೆಂದು ಒಮ್ಮೆ ಕೇಳಲಿ.

ಇಂತಿ,
ಅಪ್ಪನದೇ ರಕ್ತದ, ವಿಳಾಸ ಮಾತ್ರ ತಪ್ಪಿದ,
ಭಾಗ್ಯಶ್ರೀಯ ಅಕ್ಕ, ಕೊಡ್ಲಿ